ದಕ್ಕದ ಊಟ

ಗಿಡಕ್ಕೆ ಏನು ಉಣಿಸಬೇಕು ಎಂದು ಹೇಳುವುದು ನನ್ನ ಕಸುಬು. ಗುಬ್ಬಿಯಲ್ಲಿ ನನ್ನದೊಂದು ಗೊಬ್ಬರದ ಅಂಗಡಿ ಇದೆ. ತೆಂಗಿನ ತೋಟದವರು ಹಳದಿಯಾದ ಗರಿಯ ತುಂಡೊಂದನ್ನು ಅಂಗಿಯ ಜೇಬಿನಲ್ಲಿ ಮಡಿಸಿಟ್ಟುಕೊಂಡು ಬರುತ್ತಾರೆ. ಅದನ್ನು ನನ್ನ ಟೇಬಲ್ಲಿನ ಮೇಲೆ ಹಾಕಿ, "ಹಾಕಿದ್ದೆಲ್ಲ ಎಲ್ಲಿಗ್ ಹೋಯ್ತು ಹೇಳಿ" ಎಂದು ಜಗಳಕ್ಕೆ ನಿಲ್ಲುತ್ತಾರೆ. ನಾನೂ ಬಿಡುವವನಲ್ಲ. ಈ ಅಂಗಡಿಯಲ್ಲಿ ತಾಳ್ಮೆಯೊಂದು ಯಾವತ್ತೂ ಸ್ಟಾಕ್ ಇರುವುದಿಲ್ಲ ಎಂದು ಗಿರಾಕಿಗಳೇ ಆಡಿಕೊಳ್ಳುತ್ತಾರೆ. "ಮಣ್ಣಲ್ಲಿ ಇದ್ರೆ ಸಾಕೇನ್ರಿ? ಬೇರು ತಗೋಬೇಕು. ತಗೊಂಡಿದ್ದು ಮರಕ್ಕೆ ದಕ್ಕಬೇಕು" ಎಂದು ರೇಗುತ್ತೇನೆ. ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣದ ಅಂಶ ಎಷ್ಟಿದ್ದರೂ ಗಿಡ ಬಿಳಿಚಿಕೊಂಡೇ ಇರುತ್ತದೆ. ಬುಡದಲ್ಲೇ ಇದೆ, ಬೇರಿಗೆ ಸಿಗುವುದಿಲ್ಲ. ಇದನ್ನು ನಾನು ಮಗ್ಗಿ ಒಪ್ಪಿಸಿದ ಹಾಗೆ ದಿನವೂ ಹೇಳುತ್ತೇನೆ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಲ್ಲಿ ಬಿತ್ತಂತೆ. ಹೋದ ವರ್ಷ ಮಳೆ ಹಿಡಿಯುವ ಹೊತ್ತಿಗೆ, ನಿಟ್ಟೂರಿನ ಹತ್ತಿರದ ನಮ್ಮ ತೋಟದಲ್ಲಿ ಮರಗಳಿಗೆ ಪಾತಿ ಮಾಡುತ್ತಿದ್ದ ಅಪ್ಪ ಗುದ್ದಲಿಯ ಪಕ್ಕದಲ್ಲೇ ಕುಸಿದ. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಒಟ್ಟಿಗೆ ಹೋದವು. ಜೊತೆಗೆ ಇನ್ನೊಂದೂ ಹೋಯಿತು. ಅದು ಹೋಗುವಂಥದ್ದು ಎಂಬುದೇ ನಮಗೆ ಗೊತ್ತಿರಲಿಲ್ಲ. ಅಪ್ಪನಿಗೆ ನುಂಗಲು ಬರುತ್ತಿರಲಿಲ್ಲ. ಬಾಯಿಗೆ ಬಿಟ್ಟ ನೀರು ಹೊಟ್ಟೆಗೆ ಇಳಿಯದೆ ಉಸಿರಿನ ದಾರಿ ಹಿಡಿಯುತ್ತಿತ್ತು. ತುಮಕೂರಿನ ಆಸ್ಪತ್ರೆಯಲ್ಲಿ ಅವನ ಮೂಗಿನಿಂದ ಹೊಟ್ಟೆಯವರೆಗೆ ಸಣ್ಣದೊಂದು ಪೈಪು ಇಳಿಸಿದರು. ಆ ಪೈಪಿನ ಸಮೇತ ಅವನನ್ನು ತುಮಕೂರಿನಲ್ಲೇ ಇರುವ ನನ್ನ ಮನೆಗೆ ಕರೆತಂದೆವು. ಅವನ ಹಿಂದೆಯೇ ಅವ್ವನೂ ಬಂದಳು. ಅವಳ ಚೀಲದಲ್ಲಿ ಇದ್ದದ್ದು ಒಂದಿಷ್ಟು ಸೀರೆ, ವಿಭೂತಿ ಗಟ್ಟಿ, ಅಪ್ಪನ ಊಟದ ತಟ್ಟೆ ಮತ್ತು ರಾಗಿ.

ಪೈಪಿನಲ್ಲಿ ಊಟ ಕೊಡುವುದನ್ನು ಆಸ್ಪತ್ರೆಯ ನರ್ಸು ಅವ್ವನಿಗೂ ನನ್ನ ಹೆಂಡತಿಗೂ ಹೇಳಿಕೊಟ್ಟಿದ್ದಳು. ತಲೆ ಎತ್ತರ ಮಾಡಿ ಕೂರಿಸಬೇಕು, ದೊಡ್ಡ ಸಿರಿಂಜನ್ನು ಪೈಪಿನ ತುದಿಗೆ ಸಿಕ್ಕಿಸಿ ಗಂಜಿಯನ್ನು ನಿಧಾನವಾಗಿ ಬಿಡಬೇಕು, ಕೊನೆಗೆ ನೀರು ಬಿಟ್ಟು ಪೈಪು ತೊಳೆಯಬೇಕು. ಅವ್ವ ಓದಿದವಳಲ್ಲ, ಇದನ್ನು ಮಾತ್ರ ಒಂದೇ ದಿನದಲ್ಲಿ ಕಲಿತಳು. ಕಲಿತ ಮೇಲೆ ತನ್ನದೂ ಒಂದಿಷ್ಟು ಸೇರಿಸಿದಳು. ಮೊದಲು ಗಂಜಿಗೆ ರಾಗಿ ಹಿಟ್ಟು ಬೆರೆಸಿ ಕುದಿಸಿ ಬಿಟ್ಟಳು. ಅದು ಆರುತ್ತಿದ್ದಂತೆ ಗಟ್ಟಿಯಾಗಿ ಪೈಪು ಕಟ್ಟಿಕೊಂಡಿತು. ಹೊಸ ಪೈಪು ಹಾಕಿಸಲು ಮತ್ತೆ ಆಸ್ಪತ್ರೆಗೆ ಓಡಬೇಕಾಯಿತು. ನರ್ಸು ಬೈದರೆ ಅವ್ವ, "ರಾಗಿ ಇಲ್ದಲೆ ಮೈಗೆ ಕಸುವು ಎಲ್ಲಿಂದ ಬರ್ಬೇಕು ಹೇಳು ತಾಯಿ" ಎಂದು ಅವಳನ್ನೇ ಕೇಳಿದಳು. ಹಿಟ್ಟು ತಿಂದವನು ಬೆಟ್ಟ ಕಿತ್ತಾನು ಎಂಬುದು ನಮ್ಮ ಕಡೆ ಬರೀ ಗಾದೆಯಲ್ಲ, ನಂಬಿಕೆ. ಆಮೇಲೆ ರಾಗಿಗೆ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿಸಿ, ತೆಳ್ಳಗೆ ಕಾಯಿಸಿ, ಅಪ್ಪನ ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ ಬಿಟ್ಟಳು. ಅದು ಇಳಿಯಿತು. ನರ್ಸೂ ಒಪ್ಪಿಕೊಂಡಳು.

ಅವಳ ಇನ್ನೊಂದು ಸೇರ್ಪಡೆ ನನಗೆ ಸಿಟ್ಟು ತರಿಸಿತು. ಪ್ರತಿ ಸಲವೂ ಅಪ್ಪನ ಹಣೆಗೆ ವಿಭೂತಿ ಹಚ್ಚಿ, ಎದೆಯ ಮೇಲೆ ಟವೆಲ್ಲು ಹಾಸಿ, ಅವನ ತಟ್ಟೆಯನ್ನು ಮಂಚದ ಪಕ್ಕದ ಸ್ಟೂಲಿನ ಮೇಲೆ ಇಡುತ್ತಿದ್ದಳು. ಖಾಲಿ ತಟ್ಟೆ. ಗಂಜಿಯೆಲ್ಲ ಪೈಪಿನಲ್ಲಿ ಹೋಗುವಾಗ ಅದಕ್ಕೆ ಅಲ್ಲೇನು ಕೆಲಸ?

"ಅದ್ಯಾಕವ್ವ ಅಲ್ಲಿ?" ಎಂದು ಕೇಳಿದೆ.

"ತಟ್ಟೆ ಮಡಗ್ದೆ ಉಣ್ಣಕ್ ಇಕ್ತಾರೇನ್ಲಾ ಯಾರಾದ್ರೂ?" ಅಂದಳು.

ತಟ್ಟೆಯ ಮಾತು ಹಾಗಿರಲಿ, ಪೈಪಿನ ಊಟ ಅಪ್ಪನ ಮೈಗೆ ಹಿಡಿಯಿತು. ಕೆನ್ನೆ ತುಂಬಿಕೊಂಡಿತು, ಮಲಗಿ ಮಲಗಿ ಬೆನ್ನಿಗಾಗಿದ್ದ ಹುಣ್ಣು ಮಾಯಿತು, ಮೊಂಡಾಗಿದ್ದ ಉಗುರು ಮತ್ತೆ ಬೆಳೆಯತೊಡಗಿತು. ನನಗೆ ಹಿಗ್ಗು. ಏಕೆಂದರೆ ಇದು ನನಗೆ ಗೊತ್ತಿರುವ ವಿದ್ಯೆ. ತೆಂಗಿನ ಬೇರಿಗೆ ಔಷಧಿ ಕಟ್ಟುವುದು ಎಂದು ನಮ್ಮಲ್ಲಿ ಒಂದು ಕ್ರಮ ಇದೆ, ಅದರಲ್ಲಿ ಅಪ್ಪ ಎತ್ತಿದ ಕೈ. ಮರದ ಬುಡ ಬಿಡಿಸಿ, ಪೆನ್ಸಿಲ್ಲಿನಷ್ಟು ದಪ್ಪದ ಎಳೆ ಬೇರು ಹುಡುಕಿ, ತುದಿಯನ್ನು ಓರೆಯಾಗಿ ಕೊಯ್ದು, ಔಷಧಿ ತುಂಬಿದ ಪ್ಲಾಸ್ಟಿಕ್ ಕವರಿನಲ್ಲಿ ಅದ್ದಿ ದಾರ ಕಟ್ಟುತ್ತಿದ್ದ. ಮಾರನೆಯ ದಿನ ಮಣ್ಣು ಸರಿಸಿ ನೋಡಿದರೆ ಕವರು ಖಾಲಿ. ಅಷ್ಟೆತ್ತರದ ಮರ ಸದ್ದಿಲ್ಲದೆ ಕುಡಿದು ಮುಗಿಸಿರುತ್ತಿತ್ತು.

ಒಂದು ದಿನ ಅವ್ವನಿಗೆ ಇದನ್ನೇ ಹೇಳಿದೆ. "ಮರಕ್ಕೆ ಬಾಯಿ ಐತಾ? ಆದ್ರೂ ಉಂಡು ಕಾಯಿ ಬುಡಲ್ವಾ? ಹೊಟ್ಟೆಗೆ ಯಾವ್ ದಾರೀಲಿ ಹೋದ್ರೇನವ್ವ, ಮೈಗೆ ಹತ್ತಿದ್ರೆ ಆಯ್ತು."

ಸಿರಿಂಜು ತೊಳೆಯುತ್ತಿದ್ದ ಅವ್ವ ತಿರುಗಿ ನೋಡಲಿಲ್ಲ. "ನಿಮ್ಮಪ್ಪ ಮರ ಅಲ್ಲ ಕಣ್ಲಾ" ಅಂದಳು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಮದುವೆಯಾಗಿ ಬಂದಾಗಿನಿಂದ ಅವ್ವ, ಅಪ್ಪ ಉಂಡೆದ್ದ ಮೇಲೆ ಅವನು ಉಂಡ ತಟ್ಟೆಯಲ್ಲೇ ಬಡಿಸಿಕೊಂಡು ಉಂಡವಳು. ಸಂತೆಗೆ ಹೋದ ಅಪ್ಪ ಹೊತ್ತು ಮೀರಿ ಬಂದರೂ ಅಷ್ಟೇ, ಅವಳು ಕಾಯುವಳು. ನನ್ನ ಹೆಂಡತಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಅವಳಿಗೆ ಇದನ್ನು ಕಂಡರಾಗದು. "ಇದೇನತ್ತೆ, ಬೇರೆ ತಟ್ಟೆ ಇಲ್ವಾ ಮನೇಲಿ?" ಎಂದು ಎಷ್ಟೋ ಸಲ ಕೇಳಿದ್ದಾಳೆ. ಅವ್ವ ನಕ್ಕು ಅದೇ ತಟ್ಟೆಯನ್ನು ಎಳೆದುಕೊಳ್ಳುತ್ತಿದ್ದಳು. ಈಗ ಆ ತಟ್ಟೆ ಹೊತ್ತು ಹೊತ್ತಿಗೂ ಸ್ಟೂಲಿನ ಮೇಲೆ ಬರುತ್ತಿತ್ತು, ತೊಳೆದದ್ದು ತೊಳೆದ ಹಾಗೆಯೇ ಒಳಗೆ ಹೋಗುತ್ತಿತ್ತು. ಅಪ್ಪ ಉಂಡನೋ ಇಲ್ಲವೋ ಎಂಬುದು ಅವ್ವನ ಮಟ್ಟಿಗೆ ತೀರ್ಮಾನವಾಗಿರಲೇ ಇಲ್ಲ.

ನಾವಿಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಬಂದವನು "ಉಂಡ್ಯೇನವ್ವ?" ಅಂದರೆ "ನಂದ್ ಆಯ್ತು ಕಣಪ್ಪ" ಅನ್ನುವಳು. ಹೆಂಡತಿಯ ಕಣ್ಣಿಗೆ ಮೊದಲು ಬಿದ್ದದ್ದು ಬಳೆ. ಸಿರಿಂಜನ್ನು ಎತ್ತಿ ಹಿಡಿದಾಗ ಅವ್ವನ ಗಾಜಿನ ಬಳೆಗಳು ಜಾರಿ ಮೊಣಕೈವರೆಗೂ ಹೋಗುತ್ತಿದ್ದವು. "ಮಾವ ತುಂಬ್ಕೋತಿದ್ದಾರೆ, ಅತ್ತೆ ಕರಗಿ ಹೋಗ್ತಿದ್ದಾರೆ, ನೋಡಿದ್ರಾ?" ಎಂದು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು. ಮಧ್ಯಾಹ್ನಕ್ಕೆಂದು ಮಾಡಿಟ್ಟ ಅನ್ನ ಸಾರು ಹಾಗೇ ಉಳಿಯುತ್ತಿದೆ, ಅದನ್ನು ಅವ್ವ ಕೆಳಗಿನ ಮನೆಯ ಹಸುವಿಗೆ ಹಾಕಿ ಬರುತ್ತಿದ್ದಾಳೆ ಎಂದಳು. ಕಾಫಿ ಕುಡಿದುಕೊಂಡು, ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿಯುವ ರಾಗಿಯ ಚರಟವನ್ನು ಬಾಯಿಗೆ ಹಾಕಿಕೊಂಡು ಅವ್ವ ದಿನ ದೂಡುತ್ತಿದ್ದಳು.

ಕುಣಿಗಲ್ಲಿನಲ್ಲಿರುವ ನನ್ನ ಅಕ್ಕನಿಗೆ ಫೋನ್ ಮಾಡಿದೆ. "ಯಡಿಯೂರಿಗೆ ಹರಕೆ ಹೊತ್ತಿರ್ತಾಳೆ ಕಣೋ, ಒಪ್ಪೊತ್ತು ಮಾಡ್ತಿರ್ಬೇಕು. ನೀನು ತಡೀಬ್ಯಾಡ" ಅಂದಳು ಅಕ್ಕ. ಹರಕೆಯಾದರೆ ತೀರಿಸಿ ಕೈತೊಳೆದುಕೊಳ್ಳೋಣ, ನಾಳೆಯೇ ಕಾರು ಮಾಡಿಕೊಂಡು ಹೋಗಿಬರೋಣ ಎಂದು ಅವ್ವನನ್ನು ಕೇಳಿದೆ.

"ಹರಕೆನೂ ಇಲ್ಲ ಗಿರಕೆನೂ ಇಲ್ಲ" ಅಂದಳು. "ಇಳಿಯಲ್ಲ ಕಣಪ್ಪ, ಅಷ್ಟೇಯ. ಅವ್ರು ಅಂಗೆ ನೋಡ್ತಾ ಮಲಗಿರುವಾಗ ನಾನೆಂಗೆ ಬಾಯ್ ತುಂಬ್ಕೊಳ್ಲಿ?"

"ಅಪ್ಪನ ಊಟ ಆಗಿರುತ್ತಲ್ಲವ್ವ! ನೀನೇ ಕೊಟ್ಟಿರ್ತೀಯ!"

"ಅವ್ರು ಎಲ್ಲಿ ಉಂಡ್ರು? ನಾವು ತುಂಬಿದ್ವಿ."

ನನಗೆ ರೇಗಿತು. ಅಡುಗೆಮನೆಗೆ ಹೋಗಿ ಅನ್ನ ಕಲಸಿಕೊಂಡು ಬಂದು ಎದುರಿಗೆ ಕುಕ್ಕಿದೆ, ಉಣ್ಣದಿದ್ದರೆ ನಾನೂ ಉಣ್ಣುವುದಿಲ್ಲ ಎಂದು ಹೆದರಿಸಿದೆ. ಅವಳು ಉಂಡಳು. ಸ್ವಲ್ಪ ಹೊತ್ತಿಗೆ ಬಚ್ಚಲಿಗೆ ಹೋಗಿ ಎಲ್ಲವನ್ನೂ ಕಕ್ಕಿದಳು. ಬಾಯಿ ತೊಳೆದುಕೊಂಡು ಬಂದು, "ತಪ್ಪು ತಿಳ್ಕೋಬ್ಯಾಡ ಮಗ" ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಅಪ್ಪನನ್ನು ತೋರಿಸಲು ಹೋಗುವ ದಿನ ಅವಳನ್ನೂ ಡಾಕ್ಟರಿಗೆ ತೋರಿಸಿದೆವು. ರಕ್ತ ಕಮ್ಮಿ, ಮೈಯಲ್ಲಿ ಮಾಂಸ ಇಲ್ಲ, ಆದರೆ ಒಳಗೆ ಕಾಯಿಲೆಯೇನೂ ಇಲ್ಲ ಎಂದರು ಅವರು. "ಊಟ ಸಿಗದಿದ್ರೆ ದೇಹ ಸುಮ್ನೆ ಕೂರಲ್ಲ, ತನ್ನ ಮಾಂಸವನ್ನೇ ಕರಗಿಸಿಕೊಂಡು ಬದುಕುತ್ತೆ. ಎಷ್ಟು ದಿನ ಅಂತ ಬದುಕುತ್ತೆ?" ಅಂದರು. ಇದೂ ನನಗೆ ಗೊತ್ತಿದ್ದದ್ದೇ. ಪೊಟ್ಯಾಷ್ ಸಾಲದ ತೆಂಗು ಹಳೆಯ ಗರಿಯಲ್ಲಿರುವುದನ್ನು ಎಳೆದು ಸುಳಿಗೆ ಕೊಡುತ್ತದೆ. ಮೇಲೆ ಸುಳಿ ಹಸಿರಾಗಿರುತ್ತದೆ, ಕೆಳಗೆ ಹಳೆಯ ಗರಿಗಳು ಒಣಗಿ ಜೋತು ಬೀಳುತ್ತವೆ. ಅವ್ವ ಡಾಕ್ಟರ ಎದುರು ಸ್ಟೂಲಿನಲ್ಲಿ ಕೂತಿದ್ದಳು. ಅವಳ ಕುತ್ತಿಗೆಯ ಮೂಳೆಗಳನ್ನು ನೋಡಿ ನನಗೆ ಮೊದಲ ಸಲ ಭಯವಾಯಿತು. ಅಪ್ಪ ಹೋಗಬಹುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವ್ವ ಮೊದಲು ಹೋಗಬಹುದು ಎಂದು ಯಾವತ್ತೂ ಅಂದುಕೊಂಡಿರಲಿಲ್ಲ.

ಅವ್ವನಿಗೆ ತನ್ನ ರಕ್ತದ ಚಿಂತೆ ಇರಲಿಲ್ಲ. ಏಳುವ ಮುಂಚೆ ಡಾಕ್ಟರನ್ನು, "ಸಾ, ಅವ್ರಿಗೆ ಒಂದೇ ಒಂದ್ ತುತ್ತು ಅನ್ನ ಕೊಡ್ಲಾ?" ಎಂದು ಕೇಳಿದಳು.

"ಬೇಡಮ್ಮ, ಅನ್ನ ಅಂದ್ರೆ ಅಗೀಬೇಕಾಗುತ್ತೆ. ಅವರ ಕೈಲಿ ಈಗ ಆಗಲ್ಲ" ಎಂದ ಡಾಕ್ಟರು ಹೊರಗಿದ್ದವರನ್ನು ಕರೆಯಲು ಗಂಟೆ ಒತ್ತಿದರು. ಅವ್ವ ತಲೆಯಾಡಿಸಿದಳು. ಮನೆಗೆ ಬರುವಾಗ ಕಾರಿನಲ್ಲಿ ಏನೋ ಯೋಚಿಸುತ್ತ ಕೂತಿದ್ದಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ತುಸು ಸಡಿಲವಾಗಿತ್ತು.

ಬೇರೆ ಸೀಮೆಯವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ರಾಗಿಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಚೂರು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟು ನುಂಗುವುದು. ಹಲ್ಲಿಗೆ ಕೆಲಸವೇ ಇಲ್ಲ. ಅಗಿಯುವವರನ್ನು ಕಂಡರೆ ಪಂಕ್ತಿಯಲ್ಲಿ ಕೂತವರೆಲ್ಲ, "ಏನ್ಲಾ, ದನ ಮೆಲುಕು ಹಾಕ್ದಂಗೆ ಮುದ್ದೆ ಅಗೀತಿದೀಯ" ಎಂದು ನಗುತ್ತಾರೆ. ಹಲ್ಲಿಲ್ಲದ ಮುದುಕರಿಗೂ ಹಲ್ಲು ಬರದ ಮಕ್ಕಳಿಗೂ ನಾವು ಮುದ್ದೆ ಕೊಡುವುದು ಇದೇ ಧೈರ್ಯದ ಮೇಲೆ.

ಕೆಲವು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ ಅಂಗಡಿಯಲ್ಲಿ ವ್ಯಾಪಾರವಿಲ್ಲದೆ ಬೇಗ ಬಾಗಿಲು ಹಾಕಿ ಮನೆಗೆ ಬಂದೆ. ಮೆಟ್ಟಿಲು ಹತ್ತುವಾಗಲೇ ಬಸ್ಸಾರಿನ ಒಗ್ಗರಣೆಯ ವಾಸನೆ ಬಂತು. ಅವ್ವ ತನಗಾಗಿ ಅಡುಗೆ ಮಾಡಿಕೊಂಡಿದ್ದಾಳೆ, ಅಂತೂ ಗೆದ್ದೆ ಎಂದುಕೊಂಡೆ. ಒಳಗೆ ಹೋಗಿ ನೋಡಿದರೆ ಅಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದಳು. ಸ್ಟೂಲಿನ ಮೇಲಿನ ತಟ್ಟೆ ಖಾಲಿ ಇರಲಿಲ್ಲ, ಹೊಗೆಯಾಡುವ ಮುದ್ದೆ ಇತ್ತು. ಅವ್ವ ಸಾರಿನಲ್ಲಿ ಅದ್ದಿದ ಸಣ್ಣ ತುತ್ತನ್ನು ಅಪ್ಪನ ಬಾಯಿಗೆ ಇಡುತ್ತಿದ್ದಳು. ನಾನು "ಅವ್ವಾ" ಎಂದು ಕೂಗುವಷ್ಟರಲ್ಲಿ ಅಪ್ಪ ಬಾಯಿ ಮುಚ್ಚಿದ್ದ.

ಅವನ ಕಣ್ಣುಗಳು ಅರ್ಧ ಮುಚ್ಚಿಕೊಂಡವು. ಆ ಮುಖದ ಸುಖವನ್ನು ನಾನು ಮರೆಯಲಾರೆ. ಒಂದು ಗಳಿಗೆ ನನಗೂ ಇಳಿಯಿತೆಂದೇ ಅನ್ನಿಸಿತು. ಆಮೇಲೆ ಅವನು ಕೆಮ್ಮಲು ನೋಡಿದ, ಕೆಮ್ಮು ಬರಲಿಲ್ಲ. ಸದ್ದೇ ಇಲ್ಲ. ತುಟಿ ನೀಲಿಯಾಯಿತು, ಎಡಗೈ ಹಾಸಿಗೆಯನ್ನು ಪರಚತೊಡಗಿತು. ಅವನನ್ನು ಮಗ್ಗುಲಿಗೆ ತಿರುಗಿಸಿ ಬೆನ್ನಿಗೆ ಗುದ್ದಿದೆ, ಗುದ್ದುತ್ತಲೇ ಇದ್ದೆ. ಕೊನೆಗೆ ತುತ್ತು ಹೊರಗೆ ಬಂತು, ಪೂರ್ತಿ ಬಂತೋ ಇಲ್ಲವೋ ಗೊತ್ತಾಗಲಿಲ್ಲ. ಅವ್ವ ಗೋಡೆಗೆ ಆತು ನಿಂತು, "ಅಗಿಯೋದ್ ತಾನೇ ಬ್ಯಾಡ ಅಂದಿದ್ದು? ಮುದ್ದೆ ಯಾರ್ ಅಗೀತಾರೆ? ನುಂಗೋದಲ್ವಾ?" ಎಂದು ಅದನ್ನೇ ಹೇಳುತ್ತಿದ್ದಳು.

ಪೂರ್ತಿ ಬಂದಿರಲಿಲ್ಲ. ಒಂದಿಷ್ಟು ಶ್ವಾಸಕೋಶಕ್ಕೆ ಹೋಗಿತ್ತು.

ಆಸ್ಪತ್ರೆಯಲ್ಲಿ ಅಪ್ಪನಿಗೆ ಜ್ವರ ಏರಿತು, ಉಸಿರಾಟಕ್ಕೆ ಮಿಷನ್ನು ಹಾಕಿದರು. ಬದುಕುವ ಖಾತ್ರಿ ಇಲ್ಲದ ದಿನಗಳು ಅವು. ಹೇಗೋ ಆ ಗಂಡಾಂತರ ದಾಟಿದ ಮೇಲೆ, ನುಂಗುವುದನ್ನು ಪರೀಕ್ಷೆ ಮಾಡಲು ಕರಾವಳಿ ಕಡೆಯ ಒಬ್ಬಳು ಡಾಕ್ಟರು ಬಂದಳು. ಏನು ತಿನ್ನಿಸಿದಿರಿ ಎಂದು ಕೇಳಿದಳು. ನಾನು ಹೇಳಿದೆ. "ಅಗಿಯುವುದೇ ಇಲ್ವಾ ನೀವು?" ಎಂದು ಬಾಯಿ ಬಿಟ್ಟು ನೋಡಿದಳು. ಆಮೇಲೆ ನಿಧಾನವಾಗಿ ವಿವರಿಸಿದಳು. ಅಪ್ಪನ ಹಲ್ಲಿಗೆ ಏನೂ ಆಗಿಲ್ಲ. ನುಂಗುವಾಗ ಉಸಿರಿನ ಬಾಗಿಲು ಮುಚ್ಚಬೇಕು, ಅದು ಮುಚ್ಚುತ್ತಿಲ್ಲ. ಅಂಥವರಿಗೆ ಮುದ್ದೆಯಂಥ ಅಂಟು ಪದಾರ್ಥಕ್ಕಿಂತ ಅಪಾಯದ್ದು ಇನ್ನೊಂದಿಲ್ಲ. ಮೂಗಿನ ಪೈಪು ತೆಗೆದು ಹೊಟ್ಟೆಗೇ ಒಂದು ಸಣ್ಣ ತೂತು ಮಾಡಿ ಪೈಪು ಹಾಕುತ್ತೇವೆ, ಇನ್ನು ಅದೇ ದಾರಿ ಎಂದಳು.

"ಬಾಯಲ್ಲಿ?" ಎಂದು ಅವ್ವ ಕೇಳಿದಳು.

"ಇನ್ನು ಮೇಲೆ ಕಷ್ಟ, ಅಮ್ಮ" ಎಂದು ಅವಳು ಅವ್ವನ ಕೈ ಹಿಡಿದುಕೊಂಡಳು.

ಅವತ್ತಿನಿಂದ ಅವ್ವ ಕಾಫಿಯನ್ನೂ ಬಿಟ್ಟಳು. ಅಪ್ಪನ ಹೊಟ್ಟೆಗೆ ಪೈಪು ಹಾಕಿದ ಮರುದಿನ ಆಸ್ಪತ್ರೆಯ ಮೊಗಸಾಲೆಯಲ್ಲೇ ತಲೆ ತಿರುಗಿ ಬಿದ್ದಳು. ಅವಳನ್ನೂ ಮಲಗಿಸಿ ಕೈಗೆ ಡ್ರಿಪ್ ಏರಿಸಿದರು. ಇದರಲ್ಲಿ ಇರುವುದು ನೀರು, ಉಪ್ಪು, ಸಕ್ಕರೆ ಅಷ್ಟೇ. ಇದನ್ನೇ ನಂಬಿಕೊಂಡು ಜೀವ ಉಳಿಯುವುದಿಲ್ಲ, ಅವರು ಬಾಯಲ್ಲಿ ಉಣ್ಣಲೇಬೇಕು ಎಂದು ಡಾಕ್ಟರು ಹೇಳಿ ಹೋದರು. ನನಗೆ ತಡೆಯಲಾಗಲಿಲ್ಲ. ವಾರ್ಡಿನಲ್ಲಿ ಜನ ಇದ್ದಾರೆ ಎಂಬುದನ್ನೂ ನೋಡದೆ ಕೂಗಾಡಿದೆ. "ಅಪ್ಪಂಗೆ ನುಂಗಕ್ಕೆ ಬರಲ್ಲ ಕಣವ್ವ. ನಿಂಗ್ ಬರುತ್ತೆ. ನಿಂಗ್ ಏನ್ ಬಂದೈತೆ?"

ಅವ್ವ ಡ್ರಿಪ್ ಇಲ್ಲದ ಕೈಯಿಂದ ಮುಖ ಮುಚ್ಚಿಕೊಂಡಳು. "ನನ್ ಕೈಯಾರೆ ಸಾಯ್ಸಿಬಿಡ್ತಿದ್ನಲ್ಲೋ" ಎಂದು ಅತ್ತಳು. ಅವಳ ಅಳುವಿಗೆ ಕಣ್ಣೀರು ಕೂಡ ಸರಿಯಾಗಿ ಬರಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅವಳ ಕಾಲಿನ ಹತ್ತಿರ ಕೂತು ನಾನೂ ಅತ್ತೆ.

ಇಬ್ಬರನ್ನೂ ಮನೆಗೆ ಕರೆತಂದ ಮೇಲೆ ನನ್ನ ಹೆಂಡತಿ ಬ್ಯಾಂಕಿಗೆ ರಜೆ ಹಾಕಿದಳು. ಪದ್ಧತಿಯ ಬಗ್ಗೆ ಇಷ್ಟು ವರ್ಷ ಮಾಡಿದ ತಕರಾರನ್ನು ಮರೆತು, ಅಪ್ಪನ ತಟ್ಟೆಯಲ್ಲೇ ಅವ್ವನಿಗೆ ಬಡಿಸಿ ಅದೇ ಸ್ಟೂಲಿನ ಮೇಲೆ ಇಟ್ಟಳು. "ಮೊದಲು ಆಮೇಲೆ ಅನ್ನೋದು ಬೇಡ ಅತ್ತೆ. ಮಾವನಿಗೆ ಗಂಜಿ ಹೋಗ್ತಿರುವಾಗಲೇ ನೀವೂ ಉಣ್ಣಿ" ಎಂದಳು. ಸೊಸೆ ಹೇಳಿದ ಹಾಗೆ ಅವ್ವ ಮಂಚದ ಪಕ್ಕ ಕೂರುತ್ತಿದ್ದಳು. ಮುದ್ದೆ ಮುರಿಯುವಳು, ಸಾರಿನಲ್ಲಿ ಆಡಿಸುವಳು, ಅಲ್ಲೇ ಬಿಡುವಳು. ಒಂದೆರಡು ತುತ್ತು ನಮ್ಮ ಮುಲಾಜಿಗೆ. ಅಪ್ಪ ದಿನವೂ ಇದನ್ನು ನೋಡುತ್ತಿದ್ದ. ಅವನಿಗೆ ಎಷ್ಟು ತಿಳಿಯುತ್ತಿತ್ತು ಎಂಬುದು ನಮಗೆ ಯಾರಿಗೂ ತಿಳಿಯದು.

ಒಂದು ದಿನ ಸಿರಿಂಜು ನನ್ನ ಕೈಯಲ್ಲಿತ್ತು. ಗಂಜಿ ಅರ್ಧ ಇಳಿದಿತ್ತು. ಅವ್ವ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಸೆರಗಿನಲ್ಲಿ ಬೆರಳು ಒರೆಸಿಕೊಂಡಳು. ಆಗ ಅಪ್ಪನ ಎಡಗೈ ಹೊದಿಕೆಯಿಂದ ಹೊರಗೆ ಬಂತು. ಸ್ಟೂಲಿನ ಅಂಚು ತಡವಿತು, ತಟ್ಟೆ ತಡವಿತು. ತಾನೇ ಬಾಯಿಗೆ ಹಾಕಿಕೊಳ್ಳುತ್ತಾನೆ ಎಂದು ಹೆಂಡತಿಯನ್ನು ಕೂಗಿದೆ, ನಾನು ಎರಡೂ ಕೈಯಲ್ಲಿ ಸಿರಿಂಜು, ಪೈಪು ಹಿಡಿದಿದ್ದೆ. ಹೆಂಡತಿ ಓಡಿ ಬಂದಳು. ಅಷ್ಟರಲ್ಲಿ ಅಪ್ಪ ಮುದ್ದೆಯಿಂದ ಒಂದು ಚೂರು ಮುರಿದಿದ್ದ. ಅಭ್ಯಾಸವಿಲ್ಲದ ಕೈ, ಉಂಡೆ ಸರಿಯಾಗಲಿಲ್ಲ. ಸಾರಿಗೆ ಅದ್ದಿದ, ಸಾರು ಟವೆಲ್ಲಿನ ಮೇಲೆಲ್ಲ ಚೆಲ್ಲಿತು. ಆ ತುತ್ತನ್ನು ಎತ್ತಿ ಅವ್ವನ ಬಾಯಿಯ ಹತ್ತಿರ ಹಿಡಿದ.

ಎಡಗೈಯಲ್ಲಿ ಕೊಟ್ಟರೆ ಅವ್ವ ನೀರನ್ನೂ ಮುಟ್ಟುವವಳಲ್ಲ. ಆ ಕೈಯನ್ನು ನೋಡಿದಳು, ಅಪ್ಪನ ಮುಖ ನೋಡಿದಳು, ಬಾಯಿ ತೆರೆದಳು. ನುಂಗಿದಳು. ಅಪ್ಪ ಇನ್ನೊಂದು ಮುರಿದ. ಅದನ್ನೂ ನುಂಗಿದಳು. ಅವಳ ಗಂಟಲಿನಲ್ಲಿ ತುತ್ತು ಇಳಿಯುವುದು ಕಾಣುತ್ತಿತ್ತು, ಅಷ್ಟು ಸೊರಗಿದ್ದಳು. ಅಪ್ಪ ಕೊಡುತ್ತಾ ಹೋದ, ಅವಳು ಉಣ್ಣುತ್ತಾ ಹೋದಳು. ಹೆಂಡತಿ ಬಾಗಿಲಿನ ಕಡೆ ಮುಖ ಮಾಡಿ ಮೂಗೊರೆಸಿಕೊಂಡಳು. ಅವ್ವ ಉಳಿಯುತ್ತಾಳೆ ಎಂದು ನನಗೆ ಅವತ್ತು ಗೊತ್ತಾಯಿತು. ಇಷ್ಟು ದಿನ ನಾನು ಬೇಡಿಕೊಂಡದ್ದು ಅದನ್ನೇ.

ತಟ್ಟೆಯಲ್ಲಿ ಕೊನೆಯ ಚೂರು ಉಳಿದಿತ್ತು. ಅಪ್ಪ ಅದನ್ನು ಮುಟ್ಟಲಿಲ್ಲ. ಕೈಯನ್ನು ಹೊದಿಕೆಯ ಮೇಲೆ ಇಟ್ಟುಕೊಂಡ, ಅವ್ವನನ್ನೇ ನೋಡಿದ, ಆಮೇಲೆ ತಾನೂ ಬಾಯಿ ತೆರೆದ. ಅವ್ವ ಆ ಚೂರನ್ನು ಎತ್ತಿಕೊಂಡು ನನ್ನ ಮುಖ ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಅಪ್ಪ ಬಾಯಿ ತೆರೆದುಕೊಂಡೇ ಕಾಯುತ್ತಿದ್ದ.